ಬಣ್ಣದ ಇಡ್ಲಿ

ಕಾಶಿಯೆಂದರೆ ನಮ್ಮ ಕಡೆಯವರಿಗೆ ಗಂಗಾಸ್ನಾನ, ವಿಶ್ವನಾಥನ ದರ್ಶನ, ಬಿಟ್ಟು ಬರಬೇಕಾದ ಒಂದು ತರಕಾರಿ. ಇಲ್ಲಿಯೇ ಸಂಸಾರ ಹೂಡಿರುವ ನಮ್ಮಂಥವರಿಗೆ ಕಾಶಿಯೆಂದರೆ ಜನವರಿಯ ಮಂಜು. ಚಳಿ ಮಿತಿಮೀರಿತೆಂದು ಜಿಲ್ಲಾಧಿಕಾರಿಗಳ ಅಪ್ಪಣೆ ಹೊರಟು ಶಾಲೆಗಳು ಮುಚ್ಚುತ್ತವೆ. ಎರಡು ಪುಟ್ಟ ಮಕ್ಕಳು ದಿನವಿಡೀ ಮನೆಯಲ್ಲಿ!

ನಾವಿರುವುದು ಹನುಮಾನ್ ಘಾಟಿನ ಹತ್ತಿರ. ಕರ್ನಾಟಕ ಘಾಟ್ ಕೂಗಳತೆಯಲ್ಲಿದೆ. ನೆರೆಯಲ್ಲಿ ತಮಿಳು, ತೆಲುಗು ಧಾರಾಳವಾಗಿ ಕೇಳುತ್ತದೆ. ನಮ್ಮ ಮಕ್ಕಳ ಬಾಯಲ್ಲಿ ಮಾತ್ರ ಹಿಂದಿ, ಆಟಕ್ಕಿಳಿದರೆ ಭೋಜಪುರಿ. ಕನ್ನಡ ಅರ್ಥವಾಗುತ್ತದೆ, ನಾಲಿಗೆಗೆ ಬರುವುದಿಲ್ಲ. ಶಿವಮೊಗ್ಗೆಯಿಂದ ಬಂದು ನಮ್ಮೊಡನಿರುವ ಅಜ್ಜಿಯ ಹಿಂದಿಯೋ, ತರಕಾರಿ ಗಾಡಿಯವನೊಡನೆ ಚೌಕಾಶಿಗೆ ಸಾಕಾಗುವಷ್ಟು. ಅವರೇನಾದರೂ ಕೇಳಿದರೆ ಮೊಮ್ಮಕ್ಕಳು "ಹಾಂ", "ನಹೀಂ" ಎಂದು ಓಡಿಬಿಡುವರು. ತುಂಬಿದ ಮನೆಯಲ್ಲಿ ಹಿರಿಯ ಜೀವವೊಂದು ಮಾತಿಲ್ಲದೆ ಕೂಡುವುದನ್ನು ನೋಡುವುದು ಸುಲಭವಲ್ಲ.

ಇಂಥ ಒಂದು ದಿನ ಮುರಿದ ಬಣ್ಣದ ಬಳಪಗಳ ಡಬ್ಬಿ ಕೈಗೆ ಸಿಕ್ಕಿತು. ಕ್ರೆಯಾನ್ ಎಂದರೆ ಬಣ್ಣ ಬೆರೆಸಿದ ಮೇಣವಷ್ಟೆ. ಅಮೆರಿಕದಲ್ಲಿ 1903ರಲ್ಲಿ ಕ್ರೆಯೋಲಾ ಪೆಟ್ಟಿಗೆ ಎಂಟು ಬಣ್ಣಗಳೊಡನೆ ಮಾರಾಟಕ್ಕೆ ಬಂದಾಗಲೂ ಅದೇ, ಇಂದೂ ಅದೇ. ಈ ಮೇಣ ಕರಗಲು ಐವತ್ತು ಅರವತ್ತು ಡಿಗ್ರಿ ಶಾಖ ಸಾಕು; ಉರಿಯ ಮೇಲಿಡಬೇಕಾಗಿಲ್ಲ, ಇಡಲೂಬಾರದು. ಬಳಪವನ್ನು ತುರಿದು, ದಪ್ಪ ಕಾಗದದ ಅರ್ಧಕ್ಕೆ ಉದುರಿಸಿ, ಉಳಿದರ್ಧವನ್ನು ಮಡಚಿ, ಮೇಲೊಂದು ಹಳೆಯ ಪತ್ರಿಕೆ ಹಾಸಿ, ಹದವಾದ ಇಸ್ತ್ರಿ ಪೆಟ್ಟಿಗೆಯನ್ನು ಹತ್ತೆಣಿಸುವಷ್ಟು ಹೊತ್ತು ಒತ್ತುವುದು. ಇಸ್ತ್ರಿ ನಮ್ಮ ಕೈಯಲ್ಲಿ, ಎಣಿಕೆ ಮಕ್ಕಳ ಬಾಯಲ್ಲಿ. ಬಿಡಿಸಿದರೆ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ, ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ.

ತುರಿಯುವ ಕೆಲಸ ಅಜ್ಜಿಗೆ ಬಂತು. ಕಾಯಿ ತುರಿದ ಕೈಯಲ್ಲವೆ! ಕೆಂಪು ನೀಲಿಯೊಳಗೆ ಹರಿದ ಕಡೆ ಮಗಳು "ಬೈಂಗನೀ!" ಎಂದು ಕೂಗಿದಳು. "ಬದನೇಕಾಯಿ ಯಾತಕ್ಕೇ, ಅದು ನೇರಳೆ" ಎಂದರು ಅಜ್ಜಿ. ನೇರಳೆ ಎಂದರೇನು? ಮಳೆ ಬಂದಾಗ ಇಲ್ಲಿ ಗಾಡಿಗಳಲ್ಲಿ ರಾಶಿ ಹಾಕುವ ಜಾಮುನ್, ತಿಂದರೆ ನಾಲಿಗೆಗೆ ಹತ್ತುವ ಬಣ್ಣ. ಮಗಳು ಸೋಲಲಿಲ್ಲ. ನಾವು ಗಿಳಿಹಸಿರು ಎನ್ನುವುದಕ್ಕೆ ಅವಳ ಹಿಂದಿಯಲ್ಲಿ "ಧಾನೀ", ಭತ್ತದ ಪೈರಿನ ಬಣ್ಣ. ಗದ್ದೆಯ ನಾಡಿನ ಅಜ್ಜಿ ಇದನ್ನು ಮನಸಾರೆ ಒಪ್ಪಿದರು. "ಗಿಣಿಗಿಂತ ಇದೇ ಸರಿ ಕಣೇ." ಅಂದು ಊಟದ ಹೊತ್ತು ಮೀರಿತು.

ಮರುವಾರ ಮಂಜು ತೆಳುವಾದಾಗ ಮಕ್ಕಳನ್ನು ಖೋಜವಾಂಗೆ ಕರೆದೊಯ್ದೆವು. ಬನಾರಸದ ಮರದ ಆಟಿಕೆಗಳ ಕೇರಿ ಅದು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ, ಬೇರೆ ಬೆಂಕಿ ಬೇಡ. ನಮ್ಮ ಚನ್ನಪಟ್ಟಣದಲ್ಲಿಯೂ ಇದೇ ವಿದ್ಯೆ. ಭೌಗೋಳಿಕ ಗುರುತು ಅಲ್ಲಿಗೆ 2006ರಲ್ಲಿ, ಇಲ್ಲಿಗೆ 2015ರಲ್ಲಿ ದೊರೆಯಿತು. ಅರಗು ಎಂಬ ಮಾತನ್ನು ಹಿಡಿದು ಅಜ್ಜಿ ಪಾಂಡವರ ಅರಗಿನ ಮನೆಯ ಕಥೆಗೆ ಇಳಿದರು. ಹಿಂದಿರುಗುವಾಗ ರಿಕ್ಷಾದಲ್ಲಿ ಚಿಕ್ಕವನ ಪ್ರಶ್ನೆ: "ಅಜ್ಜೀ, ಭೀಮ ಭೀ ಕರಗಿದ್ನಾ?" ಅರ್ಧ ಹಿಂದಿ ಇದ್ದರೇನು, ಅಜ್ಜಿಯ ಮುಖ ನೋಡಬೇಕಿತ್ತು.

ಈಗ ಚೂರುಪಾರು ಬಳಪವೂ ವ್ಯರ್ಥವಾಗುವುದಿಲ್ಲ. ಹಳೆಯ ಲೋಟಕ್ಕೆ ಹಾಕಿ, ಬಿಸಿನೀರಿನಲ್ಲಿಟ್ಟು ಕರಗಿಸಿ, ಇಡ್ಲಿ ತಟ್ಟೆಯ ಕುಳಿಗಳಿಗೆ ಹೊಯ್ಯುತ್ತೇವೆ. ಕರಗಿದ ಮೇಣ ಚರ್ಮಕ್ಕೆ ಅಂಟಿ ಸುಡುವುದರಿಂದ ಹೊಯ್ಯುವುದು ದೊಡ್ಡವರೇ. ಆರಿದ ಮೇಲೆ ಬಣ್ಣಬಣ್ಣದ ಇಡ್ಲಿಗಳು. ಪುಟ್ಟ ಮುಷ್ಟಿಗೆ ಹಿಡಿದು ಬರೆಯಲು ಅನುಕೂಲ. "ಅಜ್ಜೀ, ಇಡ್ಲಿ ಆಯ್ತಾ?" ಎಂದು ಚಿಕ್ಕವನು ನಿಮಿಷಕ್ಕೊಮ್ಮೆ ಕೇಳುತ್ತಾನೆ.

ಮೇಣ ಕಂಡ ತಟ್ಟೆಯಲ್ಲಿ ಹಿಟ್ಟು ಹೊಯ್ಯುವಂತಿಲ್ಲ. ಇಲ್ಲಿಯೂ ಇಡ್ಲಿ ತಟ್ಟೆ ಸಿಗುತ್ತದೆ; ಅದರ ಕುಳಿ ಆಳವಿಲ್ಲವೆಂದು ಅಜ್ಜಿಯ ತಕರಾರು. ವಾಚಕ ಬಂಧುಗಳಲ್ಲಿ ಯಾರಾದರೂ ಕಾಶಿಯಾತ್ರೆಗೆ ಹೊರಟಿದ್ದರೆ, ಊರಿನಿಂದ ಒಂದು ಇಡ್ಲಿ ತಟ್ಟೆ ತಂದುಕೊಡಬಹುದೆ? ಊಟ ನಮ್ಮಲ್ಲಿಯೇ ಆಗಲಿ.