ಟೀಚರ ಪುಳ್ಳಿಯೂ ಮಾಳದ ರಮಾಬಾಯಿಯೂ

ಕಳುದ ಬೇಸಗೆಲಿ ಎಂಗಳ ಮನೆಲಿ ಹಲಸಿನಕಾಯಿ ಹಪ್ಪಳದ ಗೌಜಿ. ಸೊಳೆ ಬೇಶಿ, ಕಡದು, ಉಂಡೆ ಮಾಡಿ ಮಡಗಿ ಆಗಿತ್ತು. ಅತ್ತೆಯೂ ಆನೂ ಜೆಗಿಲಿಲಿ ಕೂದು ಒತ್ತುಲೆ ಸುರು ಮಾಡಿದ್ದಷ್ಟೆ, ತಡಮ್ಮೆ ದಾಂಟಿ ನೆರೆಕರೆಯ ಟೀಚರು ಬಂದವು. ಯೇವಗಳೂ ಬಂದ ಕೂಡ್ಲೆ ಒಂದು ಉಂಡೆ ಕೈಗೆ ತೆಕ್ಕೊಂಬೋರು, ಆ ದಿನ ಸುಮ್ಮನೆ ಮೆಟ್ಲಿಲಿ ಕೂದವು. ಆಸರಿಂಗೆ ಕೊಟ್ಟರೆ ಅದನ್ನೂ ಕರೇಲಿ ಮಡಗಿದವು.

ಟೀಚರು ಪ್ರೊಟೆಸ್ಟೆಂಟ್ ಕಿರಿಸ್ತಾನರು. ನಮ್ಮ ಊರಿಲಿ ಕೊಂಕಣಿ ಮಾತಾಡುವ ಪೊರ್ಬುಗೊ ಇದ್ದವು. ಕಡಬದ ಹೊಡೆಲಿ ಕೇರಳಂದ ಬಂದು ರಬ್ಬರು ಮಾಡಿದ ಕಿರಿಸ್ತಾನರೂ ಇದ್ದವು. ಅವರ ಪೈಕಿ ಮಲಂಕರ ಸಭೆಯೋರಿಂಗೆ 2010ರಲ್ಲಿ ಪುತ್ತೂರಿನ ಹೆಸರಿಲಿಯೇ ಒಂದು ಧರ್ಮಪ್ರಾಂತ್ಯ ಆತು. ಟೀಚರ ಮನೆಯೋರು ಈ ಎರಡೂ ಅಲ್ಲ. 1834ರಲ್ಲಿ ಕೊಡೆಯಾಲಕ್ಕೆ ಬಾಸೆಲ್ ಮಿಶನ್ ಬಂತನ್ನೆ, ಆ ಮಿಶನಿನ ಕಾಲಲ್ಲಿ ಅವರ ಹಿರಿಯರು ಕಿರಿಸ್ತಾನರಾದ್ದು. ಈಗ ಸಿ.ಎಸ್.ಐ. ಹೇಳ್ತವು.

"ಅಕ್ಕಾ, ನಮ್ಮ ಹುಡುಗಿ ಈ ಸಲ ದೃಢೀಕರಣಕ್ಕೆ ನಿಲ್ಲುವುದಿಲ್ಲವಂತೆ" ಹೇಳಿದವು. ಹೇಳುವಗ ದೊಂಡೆ ಕಟ್ಟಿತ್ತು.

ನಿಂಗೊಗೆ ಗೊಂತಿಪ್ಪಲೆ ರಜ್ಜ ವಿವರ್ಸುತ್ತೆ. ಅವರಲ್ಲಿ ಮಗು ಸಣ್ಣಾದಿಪ್ಪಗಳೇ ದೀಕ್ಷಾಸ್ನಾನ ಕೊಡ್ತವು. ಮಗುವಿಂಗೆ ಮಾತು ಬತ್ತಿಲ್ಲೆನ್ನೆ. ಹಾಂಗೆ "ಎಂಗೊ ನಂಬುತ್ತೆಯೊ, ಇದರ ಆ ದಾರಿಲಿ ಬೆಳೆಶುತ್ತೆಯೊ" ಹೇಳಿ ಅಪ್ಪ ಅಬ್ಬೆ ಮಾತು ಕೊಡ್ತವು. ಮಗು ದೊಡ್ಡಾಗಿ ಬುದ್ಧಿ ಬಂದ ಮತ್ತೆ, ರಜ್ಜ ಸಮಯ ಪಾಠ ಕಲ್ತು, ಎಲ್ಲೋರ ಎದುರು ನಿಂದು, ಆ ಮಾತಿನ ತಾನೇ ಹೇಳೆಕ್ಕು. ಬಿಷಪರು ಬಂದು ತಲೆ ಮೇಲೆ ಕೈ ಮಡಗಿ ಪ್ರಾರ್ಥನೆ ಮಾಡ್ತವು. ಅದುವೇ ದೃಢೀಕರಣ. ಟೀಚರ ಪುಳ್ಳಿ ಪಾಠಕ್ಕೆಲ್ಲ ಸರಿಯಾಗಿ ಹೋಯಿದು. ಬೆಳಿ ಅಂಗಿ ಹೊಲುಶಿ ಆಯಿದು. ಅಡಿಗೆಯೋನಿಂಗೂ ಹೇಳಿ ಆಯಿದು. ಅಷ್ಟಪ್ಪಗ ಕೂಸು, "ಅಜ್ಜೀ, ನಾನು ನಂಬುತ್ತೇನೆ ಅಂತ ಅಷ್ಟು ಜನರ ಎದುರು ಹೇಳಬೇಕು. ನಂಬುತ್ತೇನಾ ಅಂತ ನನಗೇ ಗೊತ್ತಿಲ್ಲ. ಸುಳ್ಳು ಹೇಳುವುದಾ?" ಹೇಳಿ ಕೇಳಿತ್ತಡ.

"ನನ್ನ ಅಪ್ಪನ ಅಜ್ಜ ಮನೆ, ಜಾತಿ, ಅಣ್ಣತಮ್ಮಂದಿರು ಎಲ್ಲ ಬಿಟ್ಟು ಬಂದವರು ಅಕ್ಕಾ" ಹೇಳಿದವು ಟೀಚರು. "ಬಾವಿಯ ನೀರು ಸಹ ಮುಟ್ಟಲಿಕ್ಕೆ ಬಿಡಲಿಲ್ಲವಂತೆ. ಇವಳಿಗೆ ಎಲ್ಲ ಸುಮ್ಮನೆ ಸಿಕ್ಕಿತಲ್ಲ, ಹಾಗಾಗಿ ಬೆಲೆ ಇಲ್ಲ."

ಎನಗೆ ಎಂತ ಹೇಳೆಕ್ಕು ಗೊಂತಾಯಿದಿಲ್ಲೆ. ಅತ್ತೆ ಮಾಂತ್ರ ಲಟ್ಟಣಿಗೆ ನಿಲ್ಲುಸದ್ದೆ, "ಅಜ್ಜಂಗೆ ಬಿಡುಲೆ ಎಂತಾರು ಇದ್ದತ್ತು. ಈ ಕೂಸಿಂಗೆ ಎಂತ ಇದ್ದು ಬಿಡುಲೆ? ಅಜ್ಜ° ಆರಿಸಿದ, ಇದಕ್ಕೆ ಆರುಸುಲೆ ಸಿಕ್ಕಿದ್ದಿಲ್ಲೆ" ಹೇಳಿದವು. ಎಂಗೊ ಇಬ್ರೂ ಅತ್ತೆಯ ಮೋರೆ ನೋಡಿದೆಯೊ.

ಅಷ್ಟಪ್ಪಗ ಎನಗೆ ಪಂಡಿತಾ ರಮಾಬಾಯಿಯ ನೆಂಪಾತು. ಅವರ ಬಗ್ಗೆ ಓದಿ ಹೆಚ್ಚು ದಿನ ಆಗಿತ್ತಿಲ್ಲೆ. ನಿಂಗಳಲ್ಲಿ ಸುಮಾರು ಜೆನ ಅವರ ಮಹಾರಾಷ್ಟ್ರದೋರು ಹೇಳಿಯೇ ಗ್ರೇಶಿಕ್ಕು. ಅಪ್ಪ° ಅನಂತ ಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳದ ಹತ್ತರಾಣ ಮಾಳದ ಚಿತ್ಪಾವನ ಬ್ರಾಹ್ಮಣ°. ಹೆಂಡತಿಗೆ ಸಂಸ್ಕೃತ ಕಲುಶಿದ್ದಕ್ಕೆ ಜಾತಿಯೋರಿಂದ ವಿರೋಧ ಬಂತು. ಹೆಮ್ಮಕ್ಕೊಗೆ ಕಲುಶಿರೆ ಶಾಸ್ತ್ರಲ್ಲಿ ತಪ್ಪಿಲ್ಲೆ ಹೇಳಿ ಉಡುಪಿಲಿ ವಿದ್ವಾಂಸರ ಎದುರು ವಾದ ಮಾಡಿದ್ದವು. ಘಟ್ಟದ ಗಂಗಾಮೂಲದ ಕಾಡಿಲಿ ಮನೆ ಕಟ್ಟಿ ಕೂದವು. ಅಲ್ಲಿಯೇ 1858ರ ಎಪ್ರಿಲಿಲಿ ರಮಾಬಾಯಿ ಹುಟ್ಟಿದ್ದು. ಅಬ್ಬೆ ಲಕ್ಷ್ಮೀಬಾಯಿಯೇ ಮಗಳಿಂಗೆ ಸಂಸ್ಕೃತ ಕಲುಶಿತ್ತು. ಭಾಗವತದ ಶ್ಲೋಕಂಗೊ ಬಾಯಿಪಾಠ. ಮತ್ತೆ ಸಂಸಾರ ಇಡೀ ಊರೂರು ತಿರುಗಿ ಪುರಾಣ ಓದಿಯೊಂಡು ಬದ್ಕಿತ್ತು. ಬರಗಾಲಲ್ಲಿ ಅಪ್ಪ°, ಅಬ್ಬೆ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಹೋದವು. ಅಣ್ಣನೊಟ್ಟಿಂಗೆ ನಡಕ್ಕೊಂಡು ಹೋಗಿ 1878ರಲ್ಲಿ ಕಲ್ಕತ್ತಕ್ಕೆ ಎತ್ತಿಯಪ್ಪಗ, ಅಲ್ಯಾಣ ಪಂಡಿತರು ಈ ಕೂಸಿಂಗೆ 'ಪಂಡಿತಾ', 'ಸರಸ್ವತಿ' ಹೇಳ್ತ ಬಿರುದು ಕೊಟ್ಟವು. ಎರಡು ವರ್ಷಲ್ಲಿ ಅಣ್ಣನೂ ಹೋದ°. ಮದುವೆ ಆತು, 1882ರಲ್ಲಿ ಗೆಂಡನೂ ಹೋದ°. ಕೈಲಿ ಒಂದು ಸಣ್ಣ ಮಗಳು, ಮನೋರಮೆ.

ಮರುವರ್ಷ ಕಲಿವಲೆ ಹೇಳಿ ಇಂಗ್ಲೆಂಡಿಂಗೆ ಹೋದವು. 1883ರ ಸೆಪ್ಟೆಂಬರಿಲಿ ವಾಂಟೇಜ್ ಹೇಳ್ತ ಊರಿಲಿ ಮಗಳೊಟ್ಟಿಂಗೆ ದೀಕ್ಷಾಸ್ನಾನ ತೆಕ್ಕೊಂಡವು. ಇಲ್ಲಿ ಪುಣೆಲಿ ದೊಡ್ಡ ಗಲಾಟೆ. ಅಲ್ಲಿ ಮಠದ ಸಿಸ್ಟರುಗೊಕ್ಕೆ ಕೊಶಿ. ಆದರೆ ಆ ಕೊಶಿಯೂ ಹೆಚ್ಚು ದಿನ ಒಳುದ್ದಿಲ್ಲೆ. ಎಂತಕೆ ಹೇಳಿರೆ, ರಮಾಬಾಯಿ ಎಲ್ಲದಕ್ಕೂ ಪ್ರಶ್ನೆ ಕೇಳುಲೆ ಸುರು ಮಾಡಿದವು. ನಿಂಗೊ ಹೇಳ್ತದು ಬೈಬಲಿಲಿ ಎಲ್ಲಿದ್ದು? ಯೇಸುವಿನ ನಂಬೆಕ್ಕಾರೆ ನಿಂಗಳ ಊರಿನ ಚರ್ಚಿನ ಎಲ್ಲಾ ಕ್ರಮವನ್ನೂ ಒಪ್ಪೆಕ್ಕೋ? ಶಿಲುಬೆಲಿ ಎನಗೆ ಅರ್ಥ ಆಗದ್ದ ಲ್ಯಾಟಿನ್ ಎಂತಕೆ, ಸಂಸ್ಕೃತ ಆಗದೋ? ಸಸ್ಯಾಹಾರವ ಕಡೇವರೆಗೂ ಬಿಟ್ಟಿದವಿಲ್ಲೆ. ಅಹಂಕಾರ ಹೇಳಿ ಸಿಸ್ಟರುಗೊ ಬೇಜಾರು ಮಾಡಿದವು. ಇಪ್ಪಲೆ ಜಾಗೆ, ಕಲಿವಲೆ ದಾರಿ ಎಲ್ಲ ಅವರದ್ದೇ ಆದರೂ, ಅವು ಹೇಳಿದ ಹಾಂಗೆ ಸುಮ್ಮನೆ ತಲೆ ಆಡ್ಸಿದವಿಲ್ಲೆ.

ಎನ್ನ ಮನಸ್ಸಿಲಿ ಕೂದ ಸಂಗತಿ ಇದರಿಂದ ಮುಂದಾಣದ್ದು. ಅಮೆರಿಕಕ್ಕೆ ಹೋದವು, ಪುಸ್ತಕ ಬರದವು, 1889ರಲ್ಲಿ ಬೊಂಬಾಯಿಲಿ ಬಾಲವಿಧವೆಗೊಕ್ಕೆ ಶಾರದಾ ಸದನ ಸುರು ಮಾಡಿದವು. ಲೋಕದ ಕಣ್ಣಿಂಗೆ ದೊಡ್ಡ ಕಿರಿಸ್ತಾನ ಹೆಮ್ಮಕ್ಕೊ. ಆದರೆ ಅವು ಮತ್ತೆ ತಮ್ಮ ಸಾಕ್ಷ್ಯಲ್ಲಿ ಬರದ್ದು ಎಂತ ಗೊಂತಿದ್ದೊ? ದೀಕ್ಷಾಸ್ನಾನ ಆಗಿ ಎಂಟು ವರ್ಷ ಕಳುದ ಮತ್ತೆ ತನಗೆ ಗೊಂತಾತು, ಈವರೆಗೆ ಸಿಕ್ಕಿದ್ದು ಕ್ರೈಸ್ತ ಮತ ಮಾಂತ್ರ, ಕ್ರಿಸ್ತ° ಸಿಕ್ಕಿದ್ದ°ಯಿಲ್ಲೆ ಹೇಳಿ. ಮತ ಒಪ್ಪಿದ್ದು ತಲೆ. ತನ್ನ ಇಡೀ ಕೊಟ್ಟದು ಮತ್ತೆ.

ಅದರ ಮತ್ತೆಯೇ ಅವರ ಕೆಲಸಕ್ಕೆ ಆ ಜೀವ ಬಂದ ಹಾಂಗೆ ಕಾಣ್ತು. 1896-97ರ ಬರಗಾಲಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಶುದು ಸಾವ ಕೂಸುಗಳ ಕರಕ್ಕೊಂಡು ಬಂದವು. ಪುಣೆ ಹತ್ತರೆ ಕೇಡಗಾಂವಿಲಿ 'ಮುಕ್ತಿ' ಕಟ್ಟಿದವು. ತಾನೂ ಹಾಂಗೇ ಹಶುವಿಲಿ ನಡದ್ದ ಕೂಸಲ್ಲದೋ? ಹೀಬ್ರೂ, ಗ್ರೀಕ್ ಕಲ್ತು ಇಡೀ ಬೈಬಲಿನ ಸಾದಾ ಹೆಮ್ಮಕ್ಕೊಗೆ ಅರ್ಥ ಅಪ್ಪ ಮರಾಠಿಗೆ ತಂದವು. 1921ರಲ್ಲಿ ಇದ್ದೊಬ್ಬ ಮಗಳೂ ಹೋತು. 1922ರ ಎಪ್ರಿಲಿಲಿ ಅವೂ ತೀರಿಹೋದವು.

ಇದರೆಲ್ಲ ಎನಗೆ ತಿಳುದಷ್ಟು ಟೀಚರಿಂಗೆ ಹೇಳಿದೆ. ಅವಕ್ಕೆ ರಮಾಬಾಯಿಯ ಹೆಸರು ಗೊಂತಿತ್ತು, ಆ ಎಂಟು ವರ್ಷದ ಸಂಗತಿ ಗೊಂತಿತ್ತಿಲ್ಲೆ. ಸುಮಾರು ಹೊತ್ತು ಮಾತಾಡಿದವಿಲ್ಲೆ. ಮತ್ತೆ ಮೆಲ್ಲಂಗೆ, "ಹುಡುಕಿ ಹುಡುಕಿ ಕಡೆಗೆ ಇಲ್ಲ ಅಂತ ಹೇಳಿದರೆ ಅಕ್ಕಾ?" ಕೇಳಿದವು.

ಅದಕ್ಕೆ ಎನ್ನ ಹತ್ತರೆ ಉತ್ತರ ಇತ್ತಿಲ್ಲೆ. ಈಗಳೂ ಇಲ್ಲೆ. ಹಾಂಗಪ್ಪಲೂ ಸಾಕು. ಆದರೆ ಹೆದರಿಕೆಗೆ 'ಅಪ್ಪು' ಹೇಳ್ಸಿರೆ, ಬಿಷಪರ ಎದುರು ನಿಂಬದು ಕೂಸಲ್ಲ, ಬೆಳಿ ಅಂಗಿ ಮಾಂತ್ರ ಅಲ್ಲದೋ? "ಗೊಂತಿಲ್ಲೆ" ಹೇಳುಲೆ ಆ ಮಾತಿನ ಮೇಲೆ ಎಷ್ಟು ಗೌರವ ಬೇಕು! ನಂಬಿಕೆಯ ಹಗುರ ಮಾಡಿದ ಕೂಸು ಆದರೆ ಸುಮ್ಮನೆ ನಿಂದು, ಹೇಳಿ, ಊಟ ಮಾಡಿ ಬತ್ತಿತ್ತು.

"ನಮ್ಮ ಬೈಲಿಲಿ ಕಿರಿಸ್ತಾನರ ಕತೆ ಎಂತಕೆ?" ಹೇಳಿ ಕೇಳುವ ಚಿಕ್ಕಮ್ಮಂದ್ರು ಇದ್ದವು, ಗೊಂತಿದ್ದು. ಮತ ಬದಲ್ಸಿ ಹೇಳುಲೆ ಅಲ್ಲ ಇದು. ಆ ಇರುಳು ದೀಪ ಹೊತ್ಸಿ ಶ್ಲೋಕ ಹೇಳುವಗ ಎನಗೆ ನಾಚಿಕೆ ಆತು. ನಲುವತ್ತು ವರ್ಷಂದ ಹೇಳ್ತೆ. ಬಾಯಿ ಶ್ಲೋಕಲ್ಲಿ, ಕೆಮಿ ಕುಕ್ಕರಿನ ಸೀಟಿಲಿ. ಅಬ್ಬೆ ಹೇಳಿತ್ತು, ಹಾಂಗೆ ಆನು ಹೇಳ್ತೆ. ಇದು ಎನ್ನದೋ ಹೇಳಿ ಎನ್ನ ಹತ್ತರೆ ಆರೂ ಕೇಳಿದ್ದವಿಲ್ಲೆ, ಆನೂ ಕೇಳಿದ್ದಿಲ್ಲೆ. ಆ ದಿನ ಅರ್ಥ ಕೇಳುಲೆ ಅತ್ತೆಯ ಹತ್ತರೆ ಹೋದೆ. ಅವಕ್ಕೂ ಅರ್ಧವೇ ಗೊಂತಿತ್ತು. ಇಬ್ರೂ ಕನ್ನಡಕ ಹಾಕಿ ಪುಸ್ತಕ ತೆಗದೆಯೊ.

ದೃಢೀಕರಣದ ಆಯಿತ್ಯವಾರ ಟೀಚರ ಪುಳ್ಳಿ ಸಾಲಿಲಿ ನಿಂದಿದಿಲ್ಲೆ. ಆದರೆ ಚರ್ಚಿಂಗೆ ಹೋಗದ್ದೆ ಕೂಯಿದಿಲ್ಲೆ. ಅಜ್ಜಿಯ ಕರೇಲಿ ಬೆಂಚಿಲಿ ಕೂದು ಇಡೀ ಕೇಳಿತ್ತಡ. ಜೆನಂಗೊ ತಿರುಗಿ ನೋಡಿದವಡ. ಟೀಚರು ಪುಳ್ಳಿಯ ಕೈ ಹಿಡ್ಕೊಂಡು ಕೂದವಡ. ಮರದಿನ ತಡಮ್ಮೆ ದಾಂಟಿ ಬಂದು, ಒಣಗಿದ ಹಪ್ಪಳ ಕಟ್ಟ ಕಟ್ಟುಲೆ ಸೇರಿಯೊಂಡು ಹೇಳಿದವು: "ಬರುವ ವರ್ಷ ನಿಲ್ಲುತ್ತಾಳೋ ಇಲ್ಲವೋ ಗೊತ್ತಿಲ್ಲ ಅಕ್ಕಾ. ನಿಂತರೆ ಅವಳೇ ನಿಲ್ಲುತ್ತಾಳೆ. ಅಂಗಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ರಜ್ಜ ಉದ್ದ ಬಿಡಿಸಲಿಕ್ಕೆ ಮಡಿಕೆ ಉಂಟು."