ಹೆಬ್ಬೆಟ್ಟು ಅಂದರೆ ಅವಮಾನವೇ?

‘ಅವನು ಬರೀ ಹೆಬ್ಬೆಟ್ಟು’ ಅಂತ ನಮ್ಮೂರಲ್ಲಿ ಓದು ಬಾರದವರನ್ನು ಆಡಿಕೊಳ್ಳುತ್ತಾರೆ. ನನಗೆ ಈ ಮಾತು ಹಿಡಿಸುವುದಿಲ್ಲ. ಸಹಿಯನ್ನು ಯಾರು ಬೇಕಾದರೂ ಅಭ್ಯಾಸ ಮಾಡಿ ನಕಲು ಮಾಡಬಹುದು. (ಪ್ರಗತಿಪತ್ರದಲ್ಲಿ ಅಪ್ಪನ ಸಹಿ ತಾವೇ ಹಾಕುವ ಗೆಳೆಯರು ನಮ್ಮಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ!) ಹೆಬ್ಬೆಟ್ಟು ಅಷ್ಟು ಸುಲಭವಾಗಿ ಯಾರ ಕೈಗೂ ಸಿಗುವುದಿಲ್ಲ.

ನಾವು ತಾಯಿಯ ಹೊಟ್ಟೆಯಲ್ಲಿರುವಾಗಲೇ ಬೆರಳ ತುದಿಯಲ್ಲಿ ಸಣ್ಣ ಸಣ್ಣ ಏಣುಗಳು ಮೂಡುತ್ತವೆ. ಅವಳಿ ಮಕ್ಕಳಲ್ಲೂ ಅವು ಬೇರೆ ಬೇರೆ. ಏಣುಗಳು ದುಂಡಗೆ ಸುತ್ತಿಕೊಂಡಿದ್ದರೆ ಚಕ್ರ, ಒಂದು ಕಡೆಯಿಂದ ಬಂದು ಬಳಸಿ ಅದೇ ಕಡೆ ಹೋದರೆ ಶಂಖ ಅಂತಾರೆ ಹಿರಿಯರು. ಇಷ್ಟು ಚಕ್ರವಿದ್ದರೆ ರಾಜಯೋಗ ಅಂತಲೂ ಹೇಳುತ್ತಾರೆ, ಅದನ್ನು ನಂಬಬೇಕಾಗಿಲ್ಲ. ಪೊಲೀಸ್ ತಜ್ಞರು ನೋಡುವುದೂ ಈ ಆಕಾರಗಳನ್ನೇ. ಕಮಾನು ಎಂಬ ಮೂರನೆಯದೂ ಉಂಟು. ಆದರೆ ಆಕಾರ ಒಂದೇ ಆದರೆ ಸಾಲದು, ಏಕೆಂದರೆ ಅರ್ಧಕ್ಕಿಂತ ಹೆಚ್ಚು ಬೆರಳುಗಳಲ್ಲಿ ಶಂಖವೇ ಇರುತ್ತದೆ. ಯಾವ ಏಣು ಎಲ್ಲಿ ನಿಂತಿದೆ, ಎಲ್ಲಿ ಕವಲೊಡೆದಿದೆ ಎಂದು ಭೂತಗನ್ನಡಿ ಹಿಡಿದು ಒಂದೊಂದಾಗಿ ಹೋಲಿಸಬೇಕು.

ಕಳ್ಳ ಮುಟ್ಟಿದ ಕಡೆ ಅವನ ಬೆವರು, ಜಿಡ್ಡು ಅಂಟಿರುತ್ತದೆ. ಅದರ ಮೇಲೆ ನುಣುಪಾದ ಪುಡಿ ಉದುರಿಸಿ ಬ್ರಷ್ಷಿನಿಂದ ಮೆಲ್ಲಗೆ ಸವರಿದರೆ ಗುರುತು ಏಳುತ್ತದೆ. ನಾನು ಸ್ಟೀಲ್ ಲೋಟದ ಮೇಲೆ ಮುಖದ ಪೌಡರ್ ಹಾಕಿ, ಅಂಟುಪಟ್ಟಿಯಿಂದ ಎತ್ತಿ ಕಪ್ಪು ಕಾಗದಕ್ಕೆ ಅಂಟಿಸಿದೆ. ಚೆನ್ನಾಗಿಯೇ ಬಂತು!

ಈ ವಿದ್ಯೆಗೂ ನಮ್ಮ ದೇಶಕ್ಕೂ ಹಳೆಯ ನಂಟು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಇಡೀ ಅಂಗೈ ಒತ್ತಿಸಿಕೊಂಡನು. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಅಚ್ಚುಗಳನ್ನು 1024 ಗುಂಪು ಮಾಡಿ ಹುಡುಕುವ ಕ್ರಮಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಬಂದದ್ದು ಮಾತ್ರ ಅವರ ಮೇಲಧಿಕಾರಿ ಹೆನ್ರಿಗೆ!

ಹಾಗಂತ ತಜ್ಞರು ಹೇಳಿದ್ದೆಲ್ಲ ನಿಜ ಅಲ್ಲ. 2004ರಲ್ಲಿ ಸ್ಪೇನಿನ ರೈಲು ಸ್ಫೋಟದ ತನಿಖೆಯಲ್ಲಿ, ಚೀಲದ ಮೇಲಿನ ಗುರುತು ನಿಮ್ಮದೇ ಅಂತ ಅಮೆರಿಕದ ಒಬ್ಬ ವಕೀಲರನ್ನು ಎರಡು ವಾರ ಹಿಡಿದಿಟ್ಟಿದ್ದರು. ಆಮೇಲೆ ಅದು ಬೇರೊಬ್ಬನದೆಂದು ತಿಳಿಯಿತು. ಬೆರಳು ಸುಳ್ಳು ಹೇಳಿರಲಿಲ್ಲ, ನೋಡಿದವರ ಕಣ್ಣು ತಪ್ಪಿತ್ತು.

ಯಂತ್ರವೂ ತಪ್ಪುತ್ತದೆ. ನಮ್ಮಜ್ಜಿ ನಾಟಿ, ಕಳೆ, ಮುಸುರೆ ಅಂತ ಬೆರಳು ಸವೆಸಿದವಳು. ಎರಡು ತಿಂಗಳಿಂದ ನ್ಯಾಯಬೆಲೆ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಒಪ್ಪುತ್ತಿಲ್ಲ. ಅಪ್ಪನ ಫೋನಿಗೆ ಬಂದ ಸಂಖ್ಯೆ ಹೇಳಿ ಅಕ್ಕಿ ತಂದಿದ್ದಾಯಿತು. ‘ನಾನೇ ನಾನಲ್ಲ ಅಂತದಲ್ಲೋ ಮಗಾ’ ಅಂದಳು ಅಜ್ಜಿ. ಮೇಲಿನ ಚರ್ಮ ಸವೆದರೂ ಒಳಪದರದಿಂದ ಅದೇ ಏಣು ಮತ್ತೆ ಬೆಳೆಯುತ್ತದೆ. ಆದರೆ ಮುಪ್ಪಿನಲ್ಲಿ ಅದು ತಗ್ಗಿ ಮಸುಕಾಗುತ್ತದೆ.

ಆಧಾರ್‌ಗೆ ಹತ್ತೂ ಬೆರಳು ಕೊಟ್ಟಿರುತ್ತೇವೆ, ಯಂತ್ರಕ್ಕೆ ಅವುಗಳಲ್ಲಿ ಯಾವುದಾದರೂ ಆದೀತು. ಹಾಗಾಗಿ ಅಜ್ಜಿಯ ಹತ್ತೂ ಬೆರಳಿನ ಗುರುತು ಲೋಟದಿಂದ ಎತ್ತಿ ನೋಡಿದೆ. ಎಡಗೈ ಉಂಗುರ ಬೆರಳಲ್ಲಿ ಚಕ್ರ ಸ್ಪಷ್ಟವಾಗಿದೆ. ಮುಂದಿನ ತಿಂಗಳು ಅದನ್ನೇ ಇಡಿಸಿ ಅಂತ ಅಪ್ಪನಿಗೆ ಹೇಳಿದ್ದೇನೆ.