ಗಾಳ ಹಿಡಿದವನಿಗೆ ಯಾವ ಕಾಲೇಜು?

ಮಕ್ಕಳನ್ನು ಮುಂದೇನು ಓದಿಸಬೇಕೆಂದು ಕೇಳಿಕೊಂಡು ನಮ್ಮ ಮನೆಯ ಜಗಲಿಗೆ ಬಂದ ತಂದೆತಾಯಿಯರನ್ನು ಮೂವತ್ತನಾಲ್ಕು ವರ್ಷಗಳ ಅಧ್ಯಾಪನ ವೃತ್ತಿಯಲ್ಲಿ ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ವಿಜ್ಞಾನವೋ ವಾಣಿಜ್ಯವೋ, ಟಿ.ಸಿ.ಎಚ್. ಮಾಡಿಸುವುದೋ ಐ.ಟಿ.ಐ.ಗೆ ಕಳಿಸುವುದೋ ಎಂಬಷ್ಟರಲ್ಲೇ ಅವರ ಚಿಂತೆಯೆಲ್ಲ ಮುಗಿಯುತ್ತಿತ್ತು. ನಿವೃತ್ತನಾದ ಮೇಲೂ ಈ ಕೆಲಸ ನನ್ನನ್ನು ಬಿಟ್ಟಿಲ್ಲ. ಆದರೆ 2025ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಿಂದ ನನ್ನ ತಂಗಿಯ ಮಗಳು ದೂರವಾಣಿಯಲ್ಲಿ ಕೇಳಿದಂಥ ಪ್ರಶ್ನೆಯನ್ನು ಹಿಂದೆ ಯಾರೂ ಕೇಳಿರಲಿಲ್ಲ.

"ಮಾವ, ಇವನು ಮೀನು ಹಿಡಿಯುವ ಪಂದ್ಯವನ್ನೇ ವೃತ್ತಿ ಮಾಡಿಕೊಳ್ಳುತ್ತಾನಂತೆ. ಅದಕ್ಕೆ ತಕ್ಕ ಕಾಲೇಜೇ ಬೇಕಂತೆ. ಮೇ ಒಂದರೊಳಗೆ ಕಾಲೇಜಿಗೆ ಒಪ್ಪಿಗೆ ತಿಳಿಸಬೇಕು. ಇವರಂತೂ ಅವನೊಡನೆ ಮಾತು ಬಿಟ್ಟು ಹದಿನೈದು ದಿನವಾಯಿತು. ನೀವಾದರೂ ಬುದ್ಧಿ ಹೇಳಿ."

ನಮ್ಮದು ಅಡುಗೆಮನೆಯೊಳಗೆ ಮೊಟ್ಟೆಯೂ ಬಾರದ ಮನೆತನ. ಈ ಸುದ್ದಿಯನ್ನು ಹುಡುಗನ ಅಜ್ಜಿಗೆ, ಎಂದರೆ ನನ್ನ ತಂಗಿಗೆ, ಯಾರೂ ತಿಳಿಸಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬುದ್ಧಿ ಹೇಳುವುದಕ್ಕೆ ಮೊದಲು ವಿಷಯವನ್ನು ತಿಳಿದುಕೊಳ್ಳೋಣವೆಂದು ಎರಡು ದಿನದ ಅವಕಾಶ ಕೇಳಿದೆ. ಹಾಗೆ ತಿಳಿದುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಾಸ್ ಎಂಬುದು ಅಮೆರಿಕದ ಸಿಹಿನೀರಿನ ಮೀನು. ಅದರಲ್ಲೂ ದೊಡ್ಡ ಬಾಯಿಯ ಜಾತಿಯನ್ನು ಗಾಳ ಹಾಕಿ ಹಿಡಿಯುವುದು ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ನಮ್ಮ ಕಡೆಯ ಕ್ರಿಕೆಟ್ಟಿನಷ್ಟೇ ಬಳಕೆಯ ಹವ್ಯಾಸ. ಇದನ್ನು ಕಟ್ಟುನಿಟ್ಟಾದ ಪಂದ್ಯವನ್ನಾಗಿ ರೂಪಿಸಿದವನು ಅಲಬಾಮಾದವನೇ ಆದ ರೇ ಸ್ಕಾಟ್ ಎಂಬ ವಿಮಾ ಏಜೆಂಟ್. 1967ರಲ್ಲಿ ಅರ್ಕಾನ್ಸಾಸ್‌ನ ಬೀವರ್ ಸರೋವರದಲ್ಲಿ ಮೊದಲ ಪಂದ್ಯ ನಡೆಸಿ, ಮರುವರ್ಷ ಬಾಸ್ ಗಾಳಗಾರರ ಸಂಘವನ್ನು ಕಟ್ಟಿದ. 1971ರಲ್ಲಿ 'ಬಾಸ್‌ಮಾಸ್ಟರ್ ಕ್ಲಾಸಿಕ್' ಎಂಬ ವಾರ್ಷಿಕ ಪಂದ್ಯ ಆರಂಭವಾಯಿತು. ಮೊದಲ ವರ್ಷ ಗೆದ್ದವನಿಗೆ ಸಿಕ್ಕಿದ್ದು 10,000 ಡಾಲರ್. 2025ರಲ್ಲಿ ಗೆದ್ದವನಿಗೆ 3,00,000 ಡಾಲರ್.

ಪಂದ್ಯದ ಕ್ರಮ ಸರಳವಾದುದು. ಬೆಳಗ್ಗೆ ದೋಣಿಗಳು ಹೊರಡುತ್ತವೆ. ಗೊತ್ತುಪಡಿಸಿದ ಹೊತ್ತಿಗೆ ಮರಳಿ ಬಂದು, ಹಿಡಿದವುಗಳಲ್ಲಿ ಅತಿ ತೂಕದ ಐದು ಮೀನುಗಳನ್ನು ತಕ್ಕಡಿಗೆ ಹಾಕಬೇಕು. ಮೀನುಗಳನ್ನು ದೋಣಿಯಲ್ಲಿರುವ ನೀರಿನ ತೊಟ್ಟಿಯಲ್ಲಿ ಜೀವಂತವಾಗಿ ಇಟ್ಟುಕೊಂಡಿರಬೇಕು. ಸತ್ತ ಮೀನಿಗೆ ತೂಕದಲ್ಲಿ ದಂಡ. ತೂಗಿದ ಮೇಲೆ ಅವನ್ನು ಮತ್ತೆ ನೀರಿಗೆ ಬಿಡುತ್ತಾರೆ. ಈ ಪದ್ಧತಿಯನ್ನು 1972ರಲ್ಲಿ ಪಂದ್ಯಗಳಿಗೆ ತಂದವನೂ ಅದೇ ಸ್ಕಾಟ್. ಇಷ್ಟನ್ನು ಹೇಳಿದ ಮೇಲೆ ನನ್ನ ತಂಗಿ ಸ್ವಲ್ಪ ಸಮಾಧಾನಪಟ್ಟುಕೊಂಡಳು. "ಬಿಡುವುದೇ ಆದರೆ ಹಿಡಿಯುವುದೇಕೆ?" ಎಂದು ಕೇಳಿದಳು. ಅದಕ್ಕೆ ನನ್ನಲ್ಲಿಯೂ ಉತ್ತರವಿಲ್ಲ.

ಇನ್ನು ಕಾಲೇಜಿನ ವಿಷಯ. ಬಾಸ್ ಪಂದ್ಯಕ್ಕೆಂದೇ ಒಂದು ಪದವಿ ಅಲ್ಲಿಯೂ ಇಲ್ಲ. ಇರುವುದು ಕಾಲೇಜು ತಂಡಗಳು. ಒಂದು ದೋಣಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಜೊತೆಯಾಗಿ ಸ್ಪರ್ಧಿಸುತ್ತಾರೆ. ಬಹುತೇಕ ಕಡೆ ಇವು ವಿದ್ಯಾರ್ಥಿಗಳೇ ಕಟ್ಟಿಕೊಂಡ ಸಂಘಗಳು. ಟೆನೆಸ್ಸಿಯ ಬೆಥೆಲ್ ವಿಶ್ವವಿದ್ಯಾಲಯದಂಥ ಕೆಲವು ಸಂಸ್ಥೆಗಳು ಮಾತ್ರ ಗಾಳಗಾರಿಕೆಗೇ ವಿದ್ಯಾರ್ಥಿವೇತನ ಕೊಡುತ್ತವೆ. ಅಲ್ಲಿಂದ ಮೇಲೆ ಏರಿದವರೂ ಇದ್ದಾರೆ. ಆಬರ್ನ್ ವಿಶ್ವವಿದ್ಯಾಲಯದ ತಂಡದಲ್ಲಿದ್ದ ಜೋರ್ಡನ್ ಲೀ 2017 ಮತ್ತು 2018ರಲ್ಲಿ ಸತತವಾಗಿ ಎರಡು ಬಾರಿ ಕ್ಲಾಸಿಕ್ ಗೆದ್ದ. 2025ರ ಮಾರ್ಚ್‌ನಲ್ಲಿ ಗೆದ್ದ ಈಸ್ಟನ್ ಫಾದರ್‌ಗಿಲ್ ಅಲಬಾಮಾದ ಮಾಂಟೆವಾಲೊ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದವನು. ಆ ಗೆಲುವಿನ ಮರುವಾರವೇ ನಮ್ಮ ಹುಡುಗ ಮನೆಯಲ್ಲಿ ಬಾಯಿಬಿಟ್ಟದ್ದು. ಫಾದರ್‌ಗಿಲ್‌ಗೆ 2023ರಲ್ಲಿ ಮಿದುಳಿನಲ್ಲಿ ಕೀವುಗಟ್ಟಿ ಶಸ್ತ್ರಚಿಕಿತ್ಸೆಯಾಗಿತ್ತು. "ಅಂಥವನೂ ಎದ್ದು ಬಂದು ಗೆದ್ದ" ಎಂದು ಮಗ ಹೇಳಿದರೆ, "ಏಳದೆ ಹೋಗಿದ್ದರೆ ಏನು ಗತಿ?" ಎಂದು ತಾಯಿ ಕೇಳುತ್ತಿದ್ದಳು. ಒಂದೇ ಸಂಗತಿಯನ್ನು ಇಬ್ಬರೂ ತಮ್ಮ ತಮ್ಮ ವಾದಕ್ಕೆ ಬಳಸಿಕೊಂಡಿದ್ದರು.

ತಂದೆಯ ಅಳಲು ಹಣದ್ದು. ಅಳಿಯಂದಿರು ಎಂಜಿನಿಯರ್; ಲೆಕ್ಕದಲ್ಲಿ ಗಟ್ಟಿಗರು. ಮೇಲ್ದರ್ಜೆಯ ಪಂದ್ಯಗಳಲ್ಲಿ ಇಡೀ ವರ್ಷ ಸ್ಪರ್ಧಿಸಲು ಪ್ರವೇಶಶುಲ್ಕವೇ ಹತ್ತಾರು ಸಾವಿರ ಡಾಲರ್. 250 ಅಶ್ವಶಕ್ತಿಯ ಎಂಜಿನ್ನು, ನೀರಿನೊಳಗಣ ಮೀನನ್ನು ತೋರಿಸುವ ಸೋನಾರ್ ಯಂತ್ರಗಳು, ಇವೆಲ್ಲ ಸೇರಿದ ದೋಣಿ ಒಂದು ಸಣ್ಣ ಮನೆಯ ಬೆಲೆ ಬಾಳುತ್ತದೆ. ಅದನ್ನು ಎಳೆದುಕೊಂಡು ರಾಜ್ಯದಿಂದ ರಾಜ್ಯಕ್ಕೆ ತಿರುಗುವ ಇಂಧನ, ವಸತಿ ಬೇರೆ. ಬಹುಮಾನದ ದೊಡ್ಡ ಪಾಲು ಮೊದಲಿಗರಿಗೆ ಹೋಗುತ್ತದೆ. ಪ್ರಾಯೋಜಕರು ಸಿಕ್ಕದವನು ಗೆಲ್ಲುತ್ತಲೇ ಸಾಲಗಾರನಾಗಬಹುದು. ಈ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ.

ಮೂರನೆಯ ದಿನ ಹುಡುಗನೊಡನೆ ಮಾತಾಡಿದೆ. ಅವನ ಕನ್ನಡ ಅಷ್ಟಕ್ಕಷ್ಟೆ. ಆದರೂ "ಅಜ್ಜಾ" ಎಂದೇ ಆರಂಭಿಸಿದ. ಉಪದೇಶ ಮಾಡಲಿಲ್ಲ. ತರಗತಿಯಲ್ಲಿ ಕೇಳುವಂತೆ ಒಂದು ಪ್ರಶ್ನೆ ಕೇಳಿದೆ: "ಈ ಮೀನಿನ ವಿಷಯ ನಿನಗೇನು ಗೊತ್ತು?"

ಮುಕ್ಕಾಲು ಗಂಟೆ ಅವನೊಬ್ಬನೇ ಮಾತಾಡಿದ. ವಸಂತದಲ್ಲಿ ನೀರು ಬೆಚ್ಚಗಾಗುತ್ತಿದ್ದಂತೆ ಗಂಡು ಮೀನು ದಡದ ಸಮೀಪದ ತಳವನ್ನು ಬಾಲದಿಂದ ಗುಡಿಸಿ ಗೂಡು ಮಾಡುವುದು, ಮೊಟ್ಟೆಯಿಟ್ಟ ಹೆಣ್ಣು ಹೊರಟುಹೋದ ಮೇಲೆ ಗಂಡೇ ಮರಿಗಳನ್ನು ಕಾಯುವುದು, ಬೇಸಿಗೆಯಲ್ಲಿ ಮೀನುಗಳು ಆಳಕ್ಕೆ ಸರಿಯುವುದು, ಇವನ್ನೆಲ್ಲ ಕಣ್ಣಿಗೆ ಕಟ್ಟುವಂತೆ ಹೇಳಿದ. ಅವರ ಊರಿಗೆ ಹತ್ತಿರದಲ್ಲೇ ಟೆನೆಸ್ಸಿ ನದಿಗೆ 1939ರಲ್ಲಿ ಕಟ್ಟಿ ಮುಗಿಸಿದ ಗಂಟರ್ಸ್‌ವಿಲ್ ಅಣೆಕಟ್ಟಿನ ಹಿನ್ನೀರಿದೆ. ಐದು ವರ್ಷಗಳಿಂದ ಅಲ್ಲಿಗೆ ಹೋದ ಪ್ರತಿ ದಿನದ ವಿವರವನ್ನೂ ಹುಡುಗ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದ: ದಿನಾಂಕ, ನೀರಿನ ಉಷ್ಣತೆ, ಗಾಳಿಯ ದಿಕ್ಕು, ಆಳ, ಸಿಕ್ಕಿದ್ದು, ಸಿಗದೆ ಹೋದದ್ದು. ಕೆಲವು ಪುಟಗಳ ಚಿತ್ರ ಕಳಿಸಿದ. ಏನೂ ಸಿಗದ ದಿನಗಳನ್ನೂ ಬಿಡದೆ ಬರೆದಿದ್ದುದು ನನಗೆ ಬಹಳ ಹಿಡಿಸಿತು. ಮಾರ್ಕ್ಸಿಗಾಗಿ ಬರೆಯುವವರು ಹಾಗೆ ಬರೆಯುವುದಿಲ್ಲ.

"ಇದನ್ನು ಅಪ್ಪನಿಗೆ ತೋರಿಸಿದ್ದೀಯಾ?" ಎಂದೆ. ಇಲ್ಲವೆಂದ.

ಆ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿ ಮಾಡಿದೆ. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜಿಗೆ ಅವನು ಸೇರಿದಾಗ "ಮೀನಿಗೂ ಒಂದು ಡಿಗ್ರಿಯೇ?" ಎಂದು ಊರೇ ನಕ್ಕಿತ್ತು. ಮುಂದೆ ಮೀನುಗಾರಿಕೆ ಇಲಾಖೆಯಲ್ಲಿ ಅಧಿಕಾರಿಯಾಗಿ, ಗೌರವದಿಂದ ನಿವೃತ್ತನಾದ. ಆಬರ್ನ್ ಹೆಸರು ಹೇಳುತ್ತಲೇ ಅವನ ದನಿ ಬದಲಾಯಿತು. "ಸಾರ್, ಕೆರೆಯ ಮೀನುಗಳ ಅಧ್ಯಯನದಲ್ಲಿ ಅದು ದೊಡ್ಡ ಹೆಸರು. 1930ರ ದಶಕದಿಂದಲೇ ಸ್ವಿಂಗಲ್ ಎಂಬವರು ಅಲ್ಲಿ ಕೊಳಗಳಲ್ಲಿ ಬಾಸ್ ಸಾಕಿ ಲೆಕ್ಕ ಇಟ್ಟವರು. ಹುಡುಗನಿಗೆ ಗಾಳವೂ ಬೇಕು, ಅನ್ನವೂ ಬೇಕು ಎಂದಾದರೆ ಮತ್ಸ್ಯವಿಜ್ಞಾನ ಓದಲಿ" ಎಂದ.

ನನಗೆ ದಾರಿ ಕಂಡದ್ದು ಅಲ್ಲಿ. ಗೆಲ್ಲುವುದನ್ನು ಯಾವ ಕಾಲೇಜೂ ಕಲಿಸಲಾರದು. ಗೆಲುವು ಬಾರದ ವರ್ಷಗಳಲ್ಲಿ ಕೈ ಹಿಡಿಯುವ ವಿದ್ಯೆಯನ್ನು ಕಲಿಸಬಹುದು. ಆ ವಿದ್ಯೆ ಅವನ ಒಲವಿಗೆ ಬೆನ್ನು ತಿರುಗಿಸುವಂಥದಾದರೆ ಹುಡುಗ ಅದನ್ನು ಸೆರೆಮನೆಯೆಂದೇ ತಿಳಿಯುತ್ತಾನೆ. ಅದೇ ನೀರಿನ ಬಳಿ ನಿಲ್ಲಿಸುವಂಥದಾದರೆ ಮನಸ್ಸಿಟ್ಟು ಓದುತ್ತಾನೆ. ಸರೋವರಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆ, ಮೀನುಮರಿ ಕೇಂದ್ರ, ಸಂಶೋಧನೆ ಇವೆಲ್ಲ ಅಲ್ಲಿ ಉದ್ಯೋಗಗಳೇ. ಅಲ್ಲದೆ ಆಬರ್ನ್ ಅವರದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವಾದ್ದರಿಂದ ರಾಜ್ಯದವರಿಗೆ ಶುಲ್ಕವೂ ಕಡಿಮೆ. ಗಾಳಗಾರರ ತಂಡವಂತೂ ಇದ್ದೇ ಇದೆ.

ಇದನ್ನು ನಾನು ಅಳಿಯಂದಿರಿಗೆ ನೇರವಾಗಿ ಹೇಳಲಿಲ್ಲ. ಪುಸ್ತಕವನ್ನು ತಂದೆಯ ಮುಂದಿಡುವಂತೆ ಹುಡುಗನಿಗೆ ಮಾತ್ರ ಹೇಳಿದೆ. ಮುಂದಿನದನ್ನು ತಂಗಿಯ ಮಗಳು ತಿಳಿಸಿದಳು. ರಾತ್ರಿ ಊಟವಾದ ಮೇಲೆ ಅವರು ಅದನ್ನು ಮಾತಿಲ್ಲದೆ ಕೊನೆಯವರೆಗೆ ತಿರುವಿ ಹಾಕಿದರಂತೆ. ಬಳಿಕ ಮೊದಲ ಪುಟಕ್ಕೆ ಮರಳಿ, "ಈ ಉಷ್ಣತೆಯನ್ನು ಎಷ್ಟು ಆಳದಲ್ಲಿ ಅಳೆದದ್ದು?" ಎಂದು ಕೇಳಿದರಂತೆ. ಹದಿನೈದು ದಿನಗಳ ಮೇಲೆ ಆ ಮನೆಯಲ್ಲಿ ತಂದೆ ಮಗನೊಡನೆ ಆಡಿದ ಮೊದಲ ಮಾತು ಅದು.

ಹುಡುಗ ಆಬರ್ನ್‌ನಲ್ಲಿ ಮತ್ಸ್ಯವಿಜ್ಞಾನಕ್ಕೆ ಸೇರಿದ. ದೋಣಿ ಕೊಡಿಸುವುದಿಲ್ಲವೆಂದು ತಂದೆ ಖಡಾಖಂಡಿತವಾಗಿ ಹೇಳಿದ್ದಾರೆ. ಜೊತೆಗಾರನ ದೋಣಿಯಲ್ಲಿ ಇಂಧನದ ಖರ್ಚು ಹಂಚಿಕೊಂಡು ಹೋಗುತ್ತಾನೆ. ಮೊದಲ ಪಂದ್ಯದಲ್ಲಿ ಇವರಿಬ್ಬರ ಹೆಸರು ಪಟ್ಟಿಯ ಕೆಳತುದಿಯಲ್ಲಿತ್ತಂತೆ. ರಸಾಯನಶಾಸ್ತ್ರ ಕಷ್ಟವೆಂದು ನನಗೆ ಬರೆದಿದ್ದ. ಕಷ್ಟವಾಗುವುದು ಒಳ್ಳೆಯದೇ ಎಂದು ಉತ್ತರಿಸಿದೆ. ಅವನು ವೃತ್ತಿಪರ ಗಾಳಗಾರನಾಗುತ್ತಾನೋ ಇಲ್ಲವೋ ನಾನರಿಯೆ. ಅದನ್ನು ನೋಡುವಷ್ಟು ಆಯುಷ್ಯವೂ ನನಗಿರಲಾರದು.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಹದಿನೇಳು, ಹದಿನೆಂಟರ ಮಕ್ಕಳ ತಂದೆತಾಯಿಯರು. ನಿಮ್ಮ ಮಕ್ಕಳೂ ಹೆಸರೇ ಕೇಳಿರದ ವೃತ್ತಿಯೊಂದನ್ನು ಮನೆಗೆ ತಂದಾರು. ಬೇಡವೆನ್ನುವ ಹಕ್ಕು ನಿಮಗಿದೆ. ಅದಕ್ಕೆ ಮೊದಲು ಅವರು ಅದರ ವಿಷಯ ಏನನ್ನು ಬರೆದಿಟ್ಟಿದ್ದಾರೆಂದು ಒಮ್ಮೆ ಕೇಳಿ ನೋಡಿ. ಪುಸ್ತಕ ಖಾಲಿಯಿದ್ದರೆ ಕಾಯಿರಿ. ತುಂಬಿದ್ದರೆ ಕನ್ನಡಕ ಹಾಕಿಕೊಂಡು ಕುಳಿತು ಓದಿರಿ.